ಸನಿಹದ ಬಿಸುಪು

ಸದಾಶಿವ ಪೇಠೆಯಲ್ಲಿ ಮನೆ ಮಾಡಿದವರಿಗೆ ಎರಡು ವಿದ್ಯೆಗಳು ತಾವಾಗಿಯೇ ಕೈಗೂಡುತ್ತವೆ ಎಂದು ನಮ್ಮ ಹಿರಿಯ ಸ್ನೇಹಿತರೊಬ್ಬರು ಹೇಳುತ್ತಿದ್ದರು. ಒಂದು, ಬಾಗಿಲ ಮೇಲಿನ ಪಾಟಿಯನ್ನು ಓದಿಕೊಂಡು ಗಂಟೆ ಬಾರಿಸದೆಯೇ ಹಿಂದಿರುಗುವ ವಿದ್ಯೆ. ಇನ್ನೊಂದು, ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಪಿಸುಮಾತಿನಲ್ಲಿಯೇ ಸಂಸಾರ ನಡೆಸುವ ವಿದ್ಯೆ. ಮೂರನೆಯದೊಂದುಂಟು, ಅದನ್ನು ಅವರು ಬಿಟ್ಟಿದ್ದರು. ಅದು, ಗೋಡೆಗೆ ಗೋಡೆ ಹಚ್ಚಿಕೊಂಡು, ಆದರೆ ಒಬ್ಬರಿಗೊಬ್ಬರು ತಾಗದಂತೆ ಬದುಕುವ ವಿದ್ಯೆ. ಈ ಮೂರನೆಯ ವಿದ್ಯೆಗೆ ಭೌತಶಾಸ್ತ್ರದಲ್ಲಿ ಒಂದು ದೊಡ್ಡ ಅಧ್ಯಾಯವೇ ಇದೆಯೆಂಬುದು ನಮಗೆ ತಿಳಿದದ್ದು ಮೊನ್ನೆ ಮೊನ್ನೆ, ಸಂಕ್ರಮಣಕ್ಕೆ ಮೊಮ್ಮಗಳು ಊರಿಗೆ ಬಂದಾಗ.

ಆ ಮಾತಿಗೆ ಬರುವ ಮೊದಲು ನಮ್ಮ ವಾಡೆಯ ಪರಿಚಯವಾಗಬೇಕು. ೧೯೭೩ರಲ್ಲಿ ಧಾರವಾಡ ಬಿಟ್ಟು ಇಲ್ಲಿಗೆ ಬಂದಾಗ ನಮಗೆ ಸಿಕ್ಕದ್ದು ಹಳೆಯ ವಾಡೆಯೊಂದರ ಕೆಳ ಅಂತಸ್ತಿನ ಎರಡು ಖೋಲಿ. ನಡುವೆ ಚೌಕ, ಚೌಕದ ಸುತ್ತ ಓಸರಿ, ಓಸರಿಯ ಆಚೆ ಏಳು ಸಂಸಾರ. ಅವುಗಳಲ್ಲಿ ಆರು ಮರಾಠಿ, ಏಳನೆಯದು ನಾವು. ಪಕ್ಕದ ಮನೆಯ ಕಾಕೂ ಅವರಿಗೂ ನಮಗೂ ನಡುವೆ ಇದ್ದದ್ದು ಇಟ್ಟಿಗೆಯ ಗೋಡೆಯಲ್ಲ, ಹಲಗೆಯ ತಡಿಕೆ. ನಮ್ಮ ಮನೆಯಲ್ಲಿ ರಾತ್ರಿ ಮೆಲ್ಲಗೆ ಆಡಿಕೊಂಡ ಮಾತು ಬೀದಿಗೆ ಕೇಳಿಸುತ್ತಿರಲಿಲ್ಲ, ಚೌಕಕ್ಕೂ ಕೇಳಿಸುತ್ತಿರಲಿಲ್ಲ. ಆದರೆ ಮರುದಿನ ನಳದ ಬಳಿ ಕಾಕೂ ನಮ್ಮ ಮನೆಯವರಿಗೆ ಆ ಮಾತಿನ ವಿಷಯವಾಗಿಯೇ ಬುದ್ಧಿ ಹೇಳುತ್ತಿದ್ದರು. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಬಂದಿದ್ದರೆ ಇನ್ನೇನಾಗುತ್ತಿತ್ತೋ ದೇವರೇ ಬಲ್ಲ. ಈ ತಡಿಕೆಯನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಚೌಕದ ಮೂಲೆಯಲ್ಲಿ ನಮ್ಮ ತಾಮ್ರದ ಬಂಬ. ನಡುಗೊಳವೆಯಲ್ಲಿ ಇದ್ದಿಲು, ಸುತ್ತಲೂ ನೀರು. ಮಾರ್ಗಶಿರ ಪುಷ್ಯ ಮಾಸಗಳಲ್ಲಿ ಪುಣೆಯ ಚಳಿ ಹಲ್ಲು ಕಡಿಸುವಂಥದು. ಬೆಳಗಿನ ಐದಕ್ಕೆ ಬಂಬ ಹೊತ್ತಿಸಿದೆವೆಂದರೆ ನಮ್ಮ ಅವ್ವ ಬಂದು ಕೆಳಗಿನ ಕಿಂಡಿಯ ಎದುರು ಕುಕ್ಕರಗಾಲಿನಲ್ಲಿ ಕೂಡುವಳು. ಕೆಂಡದ ಬೆಳಕು ಮುಖಕ್ಕೆ ಬೀಳುವುದು. ನಾವು ನಡುವೆ ಹಾದುಹೋದರೆ, “ಸರಿಯೋ ತಮ್ಮಾ, ಬಿಸಿ ತಡೀತೀ” ಎನ್ನುವಳು. ಒಂದು ಟವೆಲ್ಲನ್ನು ಅಡ್ಡ ಹಿಡಿದರೆ ಸಾಕು, ಆ ಬಿಸುಪು ತಟ್ಟನೆ ನಿಂತುಹೋಗುತ್ತಿತ್ತು. ಗಾಳಿ ಕಾದು ಬಂದ ಬಿಸಿಯಾಗಿದ್ದರೆ ಹಾಗೆ ಕ್ಷಣಮಾತ್ರದಲ್ಲಿ ನಿಲ್ಲುತ್ತಿರಲಿಲ್ಲ. ಇಷ್ಟು ದೊಡ್ಡ ಶಾಸ್ತ್ರವಿಷಯ ಪ್ರತಿದಿನ ನಮ್ಮ ಮೊಣಕಾಲ ಹತ್ತಿರವೇ ನಡೆಯುತ್ತಿತ್ತು. ನಮ್ಮ ಲಕ್ಷ್ಯವೆಲ್ಲ ಸ್ನಾನದ ಸರದಿಯ ಮೇಲೆ.

ಮೊನ್ನೆ ಎಳ್ಳುಬೆಲ್ಲ ಮುಗಿದ ಮೇಲೆ, ಭೌತಶಾಸ್ತ್ರ ಓದುತ್ತಿರುವ ಮೊಮ್ಮಗಳನ್ನು, “ಏನವಾ, ಈ ವರ್ಷ ಏನು ಓದಾಕತ್ತೀ?” ಎಂದು ಕೇಳಿದೆವು. ಇಂಥ ಪ್ರಶ್ನೆಗೆ ಈಗಿನ ಮಕ್ಕಳು ಎರಡು ಮಾತಿನ ಉತ್ತರ ಕೊಟ್ಟು ಫೋನಿನತ್ತ ತಿರುಗುವುದು ವಾಡಿಕೆ. ಆದರೆ ಅವಳು, “ಅಜ್ಜಾ, ಎರಡು ವಸ್ತು ಒಂದಕ್ಕೊಂದು ಮುಟ್ಟಲಾರದಂಗ, ಆದರ ಭಾಳ ಭಾಳ ಹತ್ತಿರ ಬಂದ್ರ, ಅವುಗಳ ನಡುವ ಬಿಸಿ ಹೆಂಗ ದಾಟತದ ಅಂತ ಓದಾಕತ್ತೀನಿ” ಎಂದಳು. “ಅದಕ್ಕ ಕಾಲೇಜು ಯಾಕ? ನಮ್ಮ ವಾಡೇದಾಗ ಇದ್ದಿದ್ರ ತಿಳೀತಿತ್ತು” ಎಂದು ನಾವು ನಕ್ಕೆವು. ಅವಳು ನಗಲಿಲ್ಲ. ಹುರಿದ ಶೇಂಗಾದ ಬುಟ್ಟಿಯನ್ನು ಹತ್ತಿರ ಎಳೆದುಕೊಂಡು ಪಾಠ ಪ್ರಾರಂಭಿಸಿದಳು. ಅವಳು ಹೇಳಿದ್ದನ್ನು ನಮಗೆ ತಿಳಿದಷ್ಟು ಇಲ್ಲಿ ಬರೆಯುತ್ತೇವೆ. ತಪ್ಪಿದ್ದರೆ ಅದು ಅಜ್ಜನ ತಪ್ಪು.

ಬಿಸಿ ಒಂದೆಡೆಯಿಂದ ಇನ್ನೊಂದೆಡೆಗೆ ಹೋಗಲು ಮೂರು ಹಾದಿ. ಮುಟ್ಟಿ ಹೋಗುವುದು ಒಂದು. ಒಲೆಯ ಮೇಲಿನ ಸಟ್ಟುಗದ ಹಿಡಿ ಕಾಯುವುದು ಹಾಗೆ. ಹರಿದು ಹೋಗುವುದು ಎರಡನೆಯದು. ಬಂಬದೊಳಗೆ ಕೆಳಗಿನ ನೀರು ಕಾದು ಮೇಲೇರುವುದು ಹಾಗೆ. ಮೂರನೆಯದಕ್ಕೆ ಮುಟ್ಟುವುದೂ ಬೇಡ, ನಡುವೆ ಗಾಳಿಯೂ ಬೇಡ. ಸೂರ್ಯನಿಗೂ ನಮಗೂ ನಡುವೆ ಸುಮಾರು ೧೫ ಕೋಟಿ ಕಿಲೋಮೀಟರು ಶೂನ್ಯ. ಆದರೂ ಬಿಸಿಲಿಗೆ ಹಪ್ಪಳ ಒಣಗುತ್ತದೆ. ಅದು ವಿಕಿರಣ. ಕಣ್ಣಿಗೆ ಕಾಣುವ ಬೆಳಕಿನ ಬಳಗಕ್ಕೆ ಸೇರಿದ ಅಲೆಗಳೇ ಬಿಸಿಯನ್ನು ಹೊತ್ತು ತರುತ್ತವೆ. ಕೆಂಡ, ಸೂರ್ಯ ಮಾತ್ರವಲ್ಲ, ಜಗತ್ತಿನ ಪ್ರತಿಯೊಂದು ವಸ್ತುವೂ ಇಂಥ ಅಲೆಗಳನ್ನು ಬೀರುತ್ತಲೇ ಇರುತ್ತದೆ: ಗೋಡೆ, ತಂಬಿಗೆ, ದೇವರ ಮನೆಯ ಕಟ್ಟೆ, ನಾವು, ನೀವು. ೨೭ ಡಿಗ್ರಿಯಲ್ಲಿರುವ, ಒಂದು ಚದರ ಮೀಟರು ಅಗಲದ ಪೂರ್ಣ ಕಪ್ಪು ಮೈಯೊಂದು ಸುಮಾರು ೪೬೦ ವ್ಯಾಟಿನಷ್ಟು ಶಾಖವನ್ನು ಹೊರಕ್ಕೆ ಚೆಲ್ಲುತ್ತಿರುತ್ತದೆಯಂತೆ. “ಹಂಗಾದ್ರ ಅದು ದಿವಾಳಿ ಏಳೂದಿಲ್ಲೇನು?” ಎಂದೆವು. ಏಳುವುದಿಲ್ಲ, ಸುತ್ತಣ ವಸ್ತುಗಳು ಅಷ್ಟನ್ನೇ ಅದರ ಮೇಲೆ ಚೆಲ್ಲುತ್ತಿರುತ್ತವೆ. ಜಮಾಖರ್ಚು ಸರಿಹೋಗುತ್ತದೆ. ಎರಡು ಅಗಲವಾದ ಮೈಗಳು ಎದುರುಬದುರಾಗಿದ್ದು ಅವುಗಳ ಶಾಖದಲ್ಲಿ ಒಂದೇ ಡಿಗ್ರಿ ವ್ಯತ್ಯಾಸವಿದ್ದರೆ, ಆಗ ಬಿಸಿಯಾದದ್ದರಿಂದ ತಣ್ಣಗಿರುವುದಕ್ಕೆ ನಿವ್ವಳವಾಗಿ ದಾಟುವುದು ಚದರ ಮೀಟರಿಗೆ ಸುಮಾರು ೬ ವ್ಯಾಟು ಮಾತ್ರ.

೧೯೦೦ರಲ್ಲಿ ಬರ್ಲಿನ್ನಿನ ಮ್ಯಾಕ್ಸ್ ಪ್ಲಾಂಕ್ ಎಂಬ ಮಹಾನುಭಾವರು ಈ ಲೆಕ್ಕಕ್ಕೆ ಸೂತ್ರ ಕಟ್ಟಿಕೊಟ್ಟರು. ಇಷ್ಟು ಶಾಖದಲ್ಲಿರುವ ವಸ್ತು ಇಷ್ಟೇ ವಿಕಿರಣವನ್ನು ಹೊರಗೆ ಬಿಡಬಲ್ಲುದು, ಅದಕ್ಕಿಂತ ಹೆಚ್ಚು ಸಾಧ್ಯವಿಲ್ಲ ಎಂಬ ಮಿತಿ ಅದರಿಂದ ಗೊತ್ತಾಯಿತು. ಮೇಲಿನ ಎರಡು ಅಗಲವಾದ ಮೈಗಳು ಒಂದು ಗೇಣು ದೂರವಿರಲಿ, ಒಂದು ಬೆರಳು ದೂರವಿರಲಿ, ಲೆಕ್ಕ ಅದೇ. ಆದರೆ ಪ್ಲಾಂಕ್ ಅವರು ದೊಡ್ಡ ಮನುಷ್ಯರು. ತಮ್ಮ ಸೂತ್ರಕ್ಕೆ ತಾವೇ ಒಂದು ಬೇಲಿ ಹಾಕಿದರು. ನಡುವಿನ ಎಡೆ ಅಲೆಯ ಉದ್ದಕ್ಕಿಂತ ಬಹಳ ದೊಡ್ಡದಾಗಿದ್ದಾಗ ಮಾತ್ರ ತಮ್ಮ ಮಾತು ಸಲ್ಲುತ್ತದೆ ಎಂದರು. ನಮ್ಮ ಮೈಯಷ್ಟು ಬೆಚ್ಚಗಿರುವ ವಸ್ತು ಬೀರುವ ಅಲೆಗಳ ಉದ್ದ ಸುಮಾರು ೧೦ ಮೈಕ್ರೋಮೀಟರು, ಎಂದರೆ ಒಂದು ಮಿಲಿಮೀಟರಿನ ನೂರನೆಯ ಪಾಲು. ತಲೆಗೂದಲಿನ ದಪ್ಪ ಅದರ ಹಲವು ಪಟ್ಟು. ಎರಡು ವಸ್ತುಗಳು ಅದಕ್ಕಿಂತ ಹತ್ತಿರ ಬಂದರೆ ಏನು? ಅಲ್ಲಿಗೆ ಬೇಲಿ ಮುಗಿಯಿತು, ಆಚೆಗೆ ಕಾಡು.

ಇಲ್ಲಿ ನಮ್ಮ ತಡಿಕೆಯ ಗೋಡೆ ಬೇಕಾಯಿತು. ಬಿಸಿಯಾದ ವಸ್ತುವಿನ ಒಳಗೆ ಎದ್ದ ಅಲೆಗಳೆಲ್ಲ ಹೊರಗೆ ಹೋಗುವುದಿಲ್ಲವಂತೆ. ಹಲವು ಅಲೆಗಳು ಮೇಲ್ಮೈಯವರೆಗೆ ಬಂದು ಓರೆಯಾಗಿ ತಾಗಿ ಒಳಕ್ಕೇ ಮರಳುತ್ತವೆ. ಮರಳುವಾಗ, ಸೆರಗಿನ ಅಂಚು ಹೊಸ್ತಿಲಾಚೆ ಇಣುಕಿದಂತೆ, ಅವುಗಳ ಒಂದಿಷ್ಟು ಅಂಶ ಹೊರಗೆ ಚಾಚಿ ತೀರ ಸನಿಹದಲ್ಲಿಯೇ ಸತ್ತುಹೋಗುತ್ತದೆ. ಗಾಜಿನಂಥ ವಸ್ತುಗಳಲ್ಲಿ ಅಣುಗಳ ಕಂಪನದಿಂದಲೇ ಎದ್ದು ಮೇಲ್ಮೈಗೆ ಅಂಟಿಕೊಂಡು ಓಡಾಡುವ ಅಲೆಗಳೂ ಉಂಟು. ಇವು ದೂರ ಪ್ರಯಾಣ ಮಾಡುವ ಜಾತಿಯವಲ್ಲ. ಬೀದಿಗೆ ಕೇಳಿಸದ ಮಾತಿನ ಹಾಗೆ. ಆದರೆ ಇನ್ನೊಂದು ವಸ್ತು ಆ ಅಂಚಿನೊಳಗೆ ಬಂದು ಕೂತಿತೆಂದರೆ, ಕಾಕೂ ಹಲಗೆಗೆ ಕಿವಿ ಹಚ್ಚಿದಂತೆ! ಸಾಯಬೇಕಾದ ಅಲೆ ಅಲ್ಲಿ ದಾಟಿಬಿಡುತ್ತದೆ, ತನ್ನೊಂದಿಗೆ ಬಿಸಿಯನ್ನೂ ದಾಟಿಸುತ್ತದೆ.

ಹೀಗೆ ಅಲೆ ದಾಟುವ ಚಮತ್ಕಾರವನ್ನು ನಮ್ಮ ದೇಶದವರೇ ಬಹಳ ಹಿಂದೆ ಅಳೆದಿದ್ದರು. ಕಲ್ಕತ್ತೆಯ ಜಗದೀಶಚಂದ್ರ ಬೋಸರು ಎರಡು ಪಟ್ಟಕಗಳನ್ನು ಎದುರುಬದುರಾಗಿಟ್ಟು, ವಿದ್ಯುತ್ ಅಲೆಗಳನ್ನು ಹಾಯಿಸಿ, ನಡುವಿನ ಗಾಳಿಯ ಎಡೆ ಎಷ್ಟು ಕಿರಿದಾದಾಗ ಪೂರ್ತಿ ಹಿಂದಿರುಗುತ್ತಿದ್ದ ಅಲೆ ಆಚೆಗೆ ನುಸುಳುತ್ತದೆ ಎಂದು ಪರೀಕ್ಷಿಸಿದರು. ಆ ಪ್ರಬಂಧವನ್ನು ಲಂಡನ್ನಿನ ರಾಯಲ್ ಸೊಸೈಟಿ ೧೮೯೭ರಲ್ಲಿ ಪ್ರಕಟಿಸಿತು. ಬೋಸರ ಅಲೆಗಳು ಉದ್ದನೆಯವು, ಆದ್ದರಿಂದ ಎಡೆಯನ್ನು ಕಣ್ಣಿನಿಂದ ನೋಡಬಹುದಿತ್ತು. ಬಿಸಿಯ ಅಲೆಗಳ ಕತೆ ಹಾಗಲ್ಲ. ಹಾಲೆಂಡಿನ ಪೋಲ್ಡರ್ ಮತ್ತು ವಾನ್ ಹೋವ್ ಎಂಬವರು ೧೯೭೧ರಲ್ಲಿ ಲೆಕ್ಕ ಹಾಕಿ, ತೀರ ಸನಿಹದಲ್ಲಿ ಬಿಸಿ ಪ್ಲಾಂಕರ ಮಿತಿಯನ್ನು ಮೀರಿ ದಾಟಬೇಕೆಂದು ತೋರಿಸಿದರು. ಲೆಕ್ಕ ಸರಿ, ಕಣ್ಣಾರೆ ಕಾಣುವುದು ಹೇಗೆ?

ಅಳೆಯಬೇಕಾದ ಎಡೆ ನ್ಯಾನೋಮೀಟರುಗಳದು. ನ್ಯಾನೋಮೀಟರು ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ನಮ್ಮ ಬೆರಳಿನ ಉಗುರು ಒಂದು ಸೆಕೆಂಡಿಗೆ ಬೆಳೆಯುವುದು ಹೆಚ್ಚುಕಡಿಮೆ ಅಷ್ಟು. ಎರಡು ಬೀಸುಗಲ್ಲುಗಳನ್ನು ಎಲ್ಲಿಯೂ ತಾಗದಂತೆ, ಎಲ್ಲ ಕಡೆಗೂ ಕೂದಲೆಳೆಯ ಸಾವಿರದೊಂದು ಪಾಲು ಎಡೆಯಲ್ಲಿ ಹಿಡಿಯಿರಿ ಎಂದರೆ ಹೇಗಾದೀತು? ಒಂದು ಧೂಳಿನ ಕಣ ನಡುವೆ ಸಿಕ್ಕಿದರೂ ಕೆಲಸ ಕೆಟ್ಟಿತು. ಅದಕ್ಕೆ ಅಮೆರಿಕದ ಎಂ.ಐ.ಟಿ.ಯಲ್ಲಿ ಗಾಂಗ್ ಚೆನ್, ಅರವಿಂದ ನಾರಾಯಣಸ್ವಾಮಿ, ಶೆಂಗ್ ಶೆನ್ ಎಂಬವರು ಒಂದು ಉಪಾಯ ಹೂಡಿದರು. ಎರಡು ಚಪ್ಪಟೆ ಮೈಗಳ ಬದಲು ಒಂದು ಚಪ್ಪಟೆ ಗಾಜು, ಅದರ ಮೇಲೆ ಕೂದಲ ದಪ್ಪದಷ್ಟೇ ಇರುವ ಒಂದು ಗಾಜಿನ ಗುಂಡು. ಗುಂಡಿಗೆ ಓರೆ ಎಂಬುದಿಲ್ಲವಷ್ಟೆ. ಆ ಗುಂಡನ್ನು ಎರಡು ಬೇರೆ ಬೇರೆ ವಸ್ತುಗಳ ಪದರಿನಿಂದಾದ ತೆಳ್ಳನೆಯ ಪಟ್ಟಿಯ ತುದಿಗೆ ಅಂಟಿಸಿದರು. ಬಿಸಿ ತಾಗಿದರೆ ಆ ಪಟ್ಟಿ ಒಂದಿಷ್ಟು ಬಾಗುತ್ತದೆ, ಬಾಗಿದ್ದನ್ನು ಲೇಸರ್ ಬೆಳಕಿನ ಕಿರಣ ಹೇಳುತ್ತದೆ. ಸುತ್ತಲಿನ ಗಾಳಿಯನ್ನೆಲ್ಲ ತೆಗೆದು, ಗುಂಡನ್ನು ೩೦ ನ್ಯಾನೋಮೀಟರಿನಷ್ಟು ಹತ್ತಿರಕ್ಕೆ ಇಳಿಸಿದರು. ೨೦೦೯ರಲ್ಲಿ ಫಲ ಪ್ರಕಟವಾಯಿತು: ಅಷ್ಟು ಸನಿಹದಲ್ಲಿ ಬಿಸಿ ದಾಟಿದ್ದು ಪ್ಲಾಂಕರ ಮಿತಿಗಿಂತ ಸಾವಿರ ಪಟ್ಟಿನವರೆಗೆ ಹೆಚ್ಚು. ೨೦೧೫ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಪ್ರಮೋದ ರೆಡ್ಡಿ, ಎಡ್ಗರ್ ಮೈಹೋಫರ್ ಮತ್ತು ಅವರ ಸಂಗಡಿಗರು ಎಡೆಯನ್ನು ಕೆಲವೇ ನ್ಯಾನೋಮೀಟರುಗಳಿಗೆ ಇಳಿಸಿ ಅಳೆದರು; ಲೆಕ್ಕ ಅಲ್ಲಿಯೂ ತಪ್ಪಲಿಲ್ಲ. ಕಂಪ್ಯೂಟರಿನ ಡಿಸ್ಕಿನಲ್ಲಿ ಓದುವ ತಲೆ ತಟ್ಟೆಯಿಂದ ಕೆಲವು ನ್ಯಾನೋಮೀಟರು ಎತ್ತರದಲ್ಲಿಯೇ ತೇಲುತ್ತದೆಯಾದ್ದರಿಂದ ಅಂಥ ಯಂತ್ರಗಳನ್ನು ಕಟ್ಟುವವರಿಗೂ, ವ್ಯರ್ಥವಾಗಿ ಹೋಗುವ ಶಾಖದಿಂದ ವಿದ್ಯುತ್ತು ಪಡೆಯಬೇಕೆನ್ನುವವರಿಗೂ ಈ ವಿದ್ಯೆ ಬೇಕಾಗಿದೆ.

“ಅಂದರ, ದೂರದಿಂದ ಹೇಳಿದ ಮಾತು ಹತ್ತಿರ ಹೋದ್ರ ಸುಳ್ಳಾತು ಅನ್ನು” ಎಂದೆವು.

“ಸುಳ್ಳಲ್ಲಜ್ಜಾ. ದೂರದ ಮಾತು ದೂರಕ್ಕ ಖರೇನ. ಹತ್ತಿರದ್ದು ಹತ್ತಿರ ಹೋಗೇ ನೋಡಬೇಕು, ಅಷ್ಟ.”

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂದು ನಮ್ಮ ಹಿರಿಯರು ಹೇಳಿದ್ದೂ ಇದೇ ಅಲ್ಲವೆ ಎಂದು ನಾವು ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ ಹುಡುಗಿ ಇನ್ನೊಂದು ಮಾತು ಹೇಳಿದಳು. “ಇಂಥಾದ್ದ ಒಂದು ಕತಿ ನಿಮ್ಮ ಪುಣೇದಾಗ ಆಗೇದ. ನ್ಯಾನೋ ಅಲ್ಲ, ಗೇಣಿನ ಲೆಕ್ಕದ್ದು. ನಿಮಗ ಗೊತ್ತಿಲ್ಲೇನು?”

ಐವತ್ತು ವರ್ಷ ಪುಣೆಯ ನೀರು ಕುಡಿದ ನಮಗೆ ಗೊತ್ತಿರಲಿಲ್ಲ. ಕತೆ ಹೀಗಿದೆ. ೧೯೨೮ರಲ್ಲಿ ಹವಾಮಾನ ಇಲಾಖೆಯ ಮುಖ್ಯ ಕಚೇರಿ ಸಿಮ್ಲಾದಿಂದ ಪುಣೆಗೆ ಬಂದಿತು. ನದಿ ದಾಟಿ ಶಿವಾಜಿನಗರದ ಕಡೆ ಹೋದರೆ ಆ ಗಡಿಯಾರದ ಗೋಪುರದ ಕಟ್ಟಡವನ್ನು ಜನ ಈಗಲೂ ಸಿಮ್ಲಾ ಆಫೀಸು ಎಂದೇ ಕರೆಯುತ್ತಾರೆ. ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ನರ ಬಳಿ ಪಳಗಿದ ಎಲ್. ಎ. ರಾಮದಾಸರು ಈ ಇಲಾಖೆಯಲ್ಲಿದ್ದರು. ೧೯೩೨ರಲ್ಲಿ ಹುಟ್ಟಿದ ಕೃಷಿ ಹವಾಮಾನ ಶಾಖೆಯನ್ನು ಬೆಳೆಸಿದವರು ಅವರೇ. ಪೈರಿಗೆ ಬೇಕಾದದ್ದು ತಾರಸಿಯ ಮೇಲಿನ ಹವೆಯಲ್ಲ, ಪೈರಿನ ಎತ್ತರದ ಹವೆ. ಅದಕ್ಕಾಗಿ ಅವರೂ ಅವರ ಸಂಗಡಿಗರಾದ ಆತ್ಮನಾಥನ್ನರೂ ನೆಲದಿಂದ ಮೇಲಕ್ಕೆ ಬೇರೆ ಬೇರೆ ಎತ್ತರಗಳಲ್ಲಿ ಥರ್ಮಾಮೀಟರುಗಳನ್ನಿಟ್ಟು ರಾತ್ರಿಯ ಚಳಿಯನ್ನು ಅಳೆದರು.

ಆ ಕಾಲದ ಶಾಸ್ತ್ರ ಹೇಳುತ್ತಿದ್ದದ್ದು ಸರಳ. ರಾತ್ರಿ ನೆಲ ತನ್ನ ಬಿಸಿಯನ್ನು ಆಕಾಶಕ್ಕೆ ಬೀರಿ ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ಗಾಳಿ ನೆಲದಿಂದ ತಣ್ಣಗಾಗುತ್ತದೆ. ಆದ್ದರಿಂದ ಎಲ್ಲಕ್ಕಿಂತ ಹೆಚ್ಚು ಚಳಿ ನೆಲದಲ್ಲಿಯೇ ಇರಬೇಕು, ಮೇಲೆ ಹೋದಂತೆ ಕಡಿಮೆಯಾಗಬೇಕು. ಥರ್ಮಾಮೀಟರುಗಳು ಹಾಗೆ ಹೇಳಲಿಲ್ಲ. ಗಾಳಿಯಾಡದ, ಮೋಡವಿಲ್ಲದ ರಾತ್ರಿಗಳಲ್ಲಿ ಅತಿ ಹೆಚ್ಚಿನ ಚಳಿ ಇದ್ದದ್ದು ನೆಲದಲ್ಲಲ್ಲ, ನೆಲದಿಂದ ಗೇಣು ಮೊಳದಷ್ಟು ಮೇಲೆ. ನೆಲ ಅದಕ್ಕಿಂತ ಕೆಲವು ಡಿಗ್ರಿ ಬೆಚ್ಚಗಿತ್ತು. ೧೯೩೨ರಲ್ಲಿ ಇದನ್ನು ಪ್ರಕಟಿಸಿದಾಗ ಪಂಡಿತರು ಹುಬ್ಬು ಗಂಟಿಕ್ಕಿದರು. ತಣ್ಣನೆಯ ಗಾಳಿ ಭಾರ. ಬೆಚ್ಚನೆಯ ನೆಲದ ಮೇಲೆ ಅದು ಹೇಗೆ ನಿಂತೀತು, ಕೆಳಗಿಳಿದು ಕಲಸಿಹೋಗಬೇಡವೆ? ಥರ್ಮಾಮೀಟರಿನ ದೋಷವಿರಬೇಕು, ಅಥವಾ ಬೇರೆ ಕಡೆಯಿಂದ ತಣ್ಣನೆಯ ಗಾಳಿ ನುಗ್ಗಿರಬೇಕು. ಹೀಗೆ ಇಪ್ಪತ್ತು ಇಪ್ಪತ್ತೈದು ವರ್ಷ ಸಂದೇಹದಲ್ಲಿಯೇ ಕಳೆಯಿತು. ಕೊನೆಗೆ ರಾಷ್ಕೆ ಎಂಬ ಜರ್ಮನ್ ವಿಜ್ಞಾನಿ ಇದೇ ಪುಣೆಯ ಬಯಲು ನೆಲದ ಮೇಲೆ ಬಹು ಎಚ್ಚರಿಕೆಯಿಂದ ಅಳೆದು, ೧೯೫೭ರಲ್ಲಿ, ರಾಮದಾಸರು ಕಂಡದ್ದು ನಿಜವೆಂದರು. ಅದಕ್ಕೆ ಈಗ ಜಗತ್ತೆಲ್ಲ ರಾಮದಾಸ್ ಪದರ ಎಂದೇ ಹೆಸರು.

ಹಾಗೇಕಾಗುತ್ತದೆ ಎಂಬ ಪ್ರಶ್ನೆಗೆ ಕೈಹಾಕಿದವರು ನಮ್ಮ ಬೆಂಗಳೂರಿನವರು ಎಂದು ಕೇಳಿ ನಮಗೆ ಒಂದಿಷ್ಟು ಹೆಮ್ಮೆಯಾಯಿತು. ರೊದ್ದಂ ನರಸಿಂಹ, ಎ. ಎಸ್. ವಾಸುದೇವಮೂರ್ತಿ, ಜೆ. ಶ್ರೀನಿವಾಸನ್ ಈ ಮೂವರು ೧೯೯೩ರಲ್ಲಿ ಒಂದು ಸಿದ್ಧಾಂತವನ್ನು ಕೊಟ್ಟರು: ಕೀಲಿ ಇರುವುದು ನೆಲದ ಮೈಗೂ ಅದರ ಮೇಲಿನ ಗಾಳಿಗೂ ನಡುವಿನ ವಿಕಿರಣದ ಕೊಡುಕೊಳ್ಳಿನಲ್ಲಿ, ಗಾಳಿಯೇ ತಾನಾಗಿ ಬಿಸಿಯನ್ನು ಬೀರಿ ತಣ್ಣಗಾಗುತ್ತದೆ. ರೊದ್ದಂ ಅವರ ತಂದೆ ಆರ್. ಎಲ್. ನರಸಿಂಹಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತ, ಕನ್ನಡದಲ್ಲಿ ವಿಜ್ಞಾನ ಬರೆದು ನಮ್ಮಂಥವರ ಕಣ್ಣು ತೆರೆಸಿದವರು. ಮುಂದೆ ಬೆಂಗಳೂರಿನದೇ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಕೆ. ಆರ್. ಶ್ರೀನಿವಾಸ್ ಮತ್ತು ಸಂಗಡಿಗರು ಬಯಲಿನಲ್ಲಿಯೂ ಪ್ರಯೋಗಶಾಲೆಯಲ್ಲಿಯೂ ಅಳೆದು, ಆ ಲೆಕ್ಕದಲ್ಲಿ ಒಂದು ಲೋಪ ತೋರಿಸಿದರು. ಅವರ ಪ್ರಕಾರ ಈ ಚಳಿಗೆ ಮುಖ್ಯ ಕಾರಣ ನೆಲದ ಸನಿಹದ ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳು. ಅವು ತಮ್ಮ ಬಿಸಿಯನ್ನು ಆಕಾಶಕ್ಕೆ ಬೀರಿ, ಸುತ್ತಲಿನ ಗಾಳಿಯನ್ನೂ ತಣಿಸುತ್ತವೆ. ಗುರುಗಳ ಲೆಕ್ಕವನ್ನು ಅದೇ ಊರಿನವರು ತಿದ್ದಿದರು. ವಿದ್ಯೆ ಬೆಳೆಯುವುದೇ ಹಾಗೆ.

ಇಷ್ಟು ಹೇಳಿ ಹುಡುಗಿ ಶೇಂಗಾದ ಸಿಪ್ಪೆ ಕೂಡಿಸತೊಡಗಿದಳು. ನಾವು ಮಾತ್ರ ಸುಮ್ಮನಾಗಿಬಿಟ್ಟಿದ್ದೆವು. ನಮಗೆ ಅವ್ವನ ನೆನಪಾಗಿತ್ತು.

ನಮ್ಮ ಅವ್ವ ನವಲಗುಂದದ ಕಡೆಯ ಎರೆಹೊಲದ ಊರಿನವಳು. ಅಪ್ಪ ತೀರಿಕೊಂಡ ಮೇಲೆ ಒಬ್ಬಳೇ ಇರುವುದು ಬೇಡವೆಂದು ನಾವು ಪುಣೆಗೆ ಕರೆತಂದೆವು. ಚಳಿಗಾಲದ ರಾತ್ರಿ ಹೊಲದಲ್ಲಿ ಹಿಂಗಾರಿ ಜೋಳದ ರಾಶಿ ಕಾಯಲು ಅಪ್ಪ ಹೋಗುತ್ತಿದ್ದುದನ್ನು ಅವಳು ಆಗಾಗ ಹೇಳುವಳು. ಕಣದಲ್ಲಿ ಹೊರಸು ಇದ್ದರೂ ಅವರು ಅದರ ಮೇಲೆ ಮಲಗುತ್ತಿರಲಿಲ್ಲವಂತೆ. ನೆಲಕ್ಕೆ ಕೌದಿ ಹಾಸಿ ಮಲಗುತ್ತಿದ್ದರಂತೆ. “ಹೊರಸಿನ ಮ್ಯಾಲೆ ಥಂಡಿ ಕಡೀತದ, ಭೂಮಿತಾಯಿ ಬೆಚ್ಚಗಿರತಾಳ” ಎಂದು ಅವ್ವ ಹೇಳಿದರೆ ನಾವು ನಗುವೆವು. ಕಾಲೇಜು ಓದಿದವರು ನಾವು; ನೆಲ ಥಂಡಿ ಎಂಬುದು ನಮಗೆ ಪುಸ್ತಕದಿಂದಲೇ ಗೊತ್ತಿತ್ತು.

ಅವಳಿಗೆ ಮೊಣಕಾಲು ಹಿಡಿದುಕೊಂಡಾಗ ನಾವು ಲಕ್ಷ್ಮೀ ರಸ್ತೆಗೆ ಹೋಗಿ ಒಂದು ಕಬ್ಬಿಣದ ಮಂಚ ತಂದೆವು. ತಿಂಗಳ ಸಂಬಳದ ದೊಡ್ಡ ಪಾಲು ಅದಕ್ಕೆ ಹೋಯಿತು. ಆ ಮಾತನ್ನು ಅವಳ ಕಿವಿಗೆ ಬೀಳುವಂತೆಯೇ ಆಡಿದ್ದೆವು ಎಂದು ಈಗ ಒಪ್ಪಿಕೊಳ್ಳಬೇಕು. ಖೋಲಿಯಲ್ಲಿ ಜಾಗವಿಲ್ಲದ್ದರಿಂದ ಮಂಚವನ್ನು ಓಸರಿಯಲ್ಲಿ, ಚೌಕದ ಕಡೆಗೆ ಹಾಕಿದೆವು. ಅವ್ವ ಏನೂ ಅನ್ನಲಿಲ್ಲ. ರಾತ್ರಿ ಮಂಚದ ಮೇಲೆ ಮಲಗುವಳು. ನಾವು ದೀಪ ಆರಿಸಿ ಒಳಗೆ ಹೋಗುವೆವು.

೧೯೭೮ರ ಚಳಿಗಾಲ. ಒಂದು ಬೆಳಗು ರೋಜಿಗಿಂತ ಮೊದಲು ಎಚ್ಚರವಾಗಿ ಬಂಬ ಹೊತ್ತಿಸಲು ಹೊರಗೆ ಬಂದೆವು. ಮಂಚ ಬರಿದಾಗಿತ್ತು. ಅವ್ವ ಅದರ ಪಕ್ಕದಲ್ಲಿ ನೆಲದ ಮೇಲೆ, ಚಾಪೆ ಹಾಸಿ, ಕೌದಿ ಹೊದ್ದು, ಮಗುವಿನಂತೆ ಮುದುಡಿ ಮಲಗಿದ್ದಳು. ನಮ್ಮ ಹೆಜ್ಜೆ ಕೇಳಿ ಗಡಬಡಿಸಿ ಎದ್ದಳು. ಕದ್ದು ಸಿಕ್ಕಿಬಿದ್ದವರ ಹಾಗೆ ಚಾಪೆ ಸುತ್ತುತ್ತ, “ಈಗ ಇಳದೆ ತಮ್ಮಾ, ಈಗ ಇಳದೆ” ಎಂದಳು. ದಿನವೂ ನಾವು ಮಲಗಿದ ಮೇಲೆ ಇಳಿದು, ನಾವು ಏಳುವ ಮೊದಲು ಏರುತ್ತಿದ್ದಳೆಂಬ ಸಂಗತಿ ಆಗ ನಮಗೆ ಹೊಳೆಯಿತು. ಸಿಟ್ಟು ಬಂತು. ಇಷ್ಟು ಖರ್ಚು ಮಾಡಿದ್ದು ಯಾರಿಗಾಗಿ, ಥಂಡಿ ನೆಲದಲ್ಲಿ ಮಲಗಿ ಕಾಲು ಹೋದರೆ ನೋಡುವವರು ಯಾರು ಎಂದು ಗಟ್ಟಿಯಾಗಿ ಗದರಿಸಿದೆವು. ಆ ಮಾತಿಗೆ ತಡಿಕೆಯೂ ಬೇಕಿರಲಿಲ್ಲ. ಏಳು ಸಂಸಾರಗಳೂ ಕೇಳಿದವು. ಅವ್ವ ಉತ್ತರ ಕೊಡಲಿಲ್ಲ. ಅಂದು ಬಂಬದ ಎದುರು ಬಂದು ಕೂಡಲೂ ಇಲ್ಲ.

ಅಂದಿನಿಂದ ಅವಳು ಮಂಚದ ಮೇಲೆಯೇ ಮಲಗಿದಳು. ಮರುವರ್ಷ ಶ್ರಾವಣದಲ್ಲಿ ತೀರಿಕೊಂಡಳು.

ಇಲ್ಲಿ ವಾಚಕರು ನಮ್ಮನ್ನು ತಪ್ಪು ತಿಳಿಯಬಾರದು. ಅವ್ವ ರಾಮದಾಸ್ ಪದರವನ್ನು ಕಂಡುಹಿಡಿದಿದ್ದಳೆಂದು ನಾವು ಹೇಳುತ್ತಿಲ್ಲ. ಮೊಮ್ಮಗಳೇ ಹೇಳಿದಳು: ಓಸರಿಗೆ ಮಾಡು ಇತ್ತು, ಆಕಾಶ ಪೂರ್ತಿ ಕಾಣುತ್ತಿರಲಿಲ್ಲ, ಅದು ಬಯಲಲ್ಲ. ಮಂಚದ ಕೆಳಗೂ ಗಾಳಿ, ಮೇಲೂ ಗಾಳಿ, ಅದರಿಂದಲೇ ಚಳಿ ಹೆಚ್ಚಿದ್ದೀತು. ಹಗಲೆಲ್ಲ ಬಿಸಿಲು ಕುಡಿದ ಚೌಕದ ಕಲ್ಲು ರಾತ್ರಿ ಬೆಚ್ಚಗಿದ್ದೀತು. ಕಣದಲ್ಲಿ ಮಲಗುತ್ತಿದ್ದ ಅಪ್ಪನ ಮಾತಾದರೆ ಬೇರೆ. ಎರೆಹೊಲದ ಬಯಲು, ಗಾಳಿಯಿಲ್ಲದ ಪುಷ್ಯದ ರಾತ್ರಿ, ಚುಕ್ಕೆ ತುಂಬಿದ ಆಕಾಶ, ಹೊರಸಿನ ಎತ್ತರ ಒಂದು ಮೊಳ. ರಾಮದಾಸರು ಹೇಳಿದ ಚಳಿ ಕೂಡುವ ಎತ್ತರವೂ ಹೆಚ್ಚುಕಡಿಮೆ ಅಷ್ಟೇ.

ಆದರೆ ನಮ್ಮನ್ನು ಚುಚ್ಚಿದ್ದು ಅದಲ್ಲ. ರಾಮದಾಸರ ಮಾತನ್ನು ಸಂದೇಹಿಸಿದ ಪಂಡಿತರಾದರೂ ಕಾರಣ ಕೊಟ್ಟರು, ಕೊನೆಗೆ ಅವರಲ್ಲೊಬ್ಬರು ಬಂದು ನೆಲದ ಹತ್ತಿರ ಥರ್ಮಾಮೀಟರು ಇಟ್ಟು ನೋಡಿದರು. ನಾವು? ಅವ್ವ ಎದ್ದುಹೋದ ಆ ಚಾಪೆಯ ಜಾಗಕ್ಕೆ ಬಗ್ಗಿ ಒಮ್ಮೆ ಅಂಗೈ ಇಟ್ಟು ನೋಡಲಿಲ್ಲ. ಐದು ನಿಮಿಷದ ಕೆಲಸವೂ ಅಲ್ಲ. ನೆಲ ಥಂಡಿ ಎಂಬುದು ಗೊತ್ತಿತ್ತಲ್ಲ, ಮತ್ತೆ ಮುಟ್ಟುವುದೇಕೆ? ಪ್ರೀತಿಯಿಂದಲೇ ತಂದ ಮಂಚ ಅದು, ಸುಳ್ಳಲ್ಲ. ಆದರೆ ನಮ್ಮ ಪ್ರೀತಿ ದೂರದಿಂದಲೇ ಲೆಕ್ಕ ಹಾಕಿದ ಪ್ರೀತಿಯಾಗಿತ್ತು.

ಊರು ಬಿಟ್ಟು ಬಂದ ನಮ್ಮಂಥ ಮನೆಗಳಲ್ಲೆಲ್ಲ ಇಂಥ ಒಂದು ಮಂಚ ಇದ್ದೇ ಇರುತ್ತದೆಂದು ತೋರುತ್ತದೆ. ಹಳ್ಳಿಯಿಂದ ಹಿರಿಯರನ್ನು ಕರೆತರುತ್ತೇವೆ. ಅವರಿಗೆ ಒಳ್ಳೆಯದೆಂದು ನಮಗೆ ಗೊತ್ತಿರುವುದನ್ನೆಲ್ಲ ಮಾಡುತ್ತೇವೆ. ಅವರಿಗೆ ಗೊತ್ತಿರುವುದು ಏನೆಂದು ಕೇಳುವುದಿಲ್ಲ. ಅವರು ಪರವೂರಿನಲ್ಲಿ ಮಕ್ಕಳ ಮನಸ್ಸು ನೋಯಬಾರದೆಂದು ಮಂಚದ ಮೇಲೆ ನಡುಗುತ್ತ ಮಲಗುತ್ತಾರೆ. ಒಂದೇ ಮಾಡಿನ ಕೆಳಗೆ, ಕೈಯಳತೆಯ ದೂರದಲ್ಲಿ.

ಅಂದು ರಾತ್ರಿ ಹತ್ತರ ಸುಮಾರಿಗೆ ಮೊಮ್ಮಗಳನ್ನು ಕರೆದುಕೊಂಡು ಗಚ್ಚಿಯ ಮೇಲೆ ಹೋದೆವು. ವಾಡೆ ಈಗಿಲ್ಲ, ೧೯೯೬ರಲ್ಲಿ ಅದನ್ನು ಕೆಡವಿ ಅದೇ ಜಾಗದಲ್ಲಿ ನಾಲ್ಕು ಅಂತಸ್ತು ಎಬ್ಬಿಸಿದರು. ತಡಿಕೆ ಹೋಗಿ ಗಟ್ಟಿ ಗೋಡೆ ಬಂದಿದೆ, ಪಕ್ಕದ ಮನೆಯಲ್ಲಿ ಯಾರಿದ್ದಾರೆಂದು ಕರೆಗಂಟೆಯ ಮೇಲಿನ ಹೆಸರು ನೋಡಿ ತಿಳಿಯಬೇಕು. ಹುಡುಗಿ ತನ್ನ ಚೀಲದಿಂದ ಸಣ್ಣದೊಂದು ಥರ್ಮಾಮೀಟರು ತೆಗೆದು, ನೆಲದ ಮೇಲೆ, ಗೇಣಿನ ಎತ್ತರದಲ್ಲಿ, ಎದೆಯ ಎತ್ತರದಲ್ಲಿ, ಹೀಗೆ ಮೂರು ಕಡೆ ಇಟ್ಟು ಬರೆದುಕೊಂಡಳು. ನೆಲವೇ ಎಲ್ಲಕ್ಕಿಂತ ಬೆಚ್ಚಗಿತ್ತು. ಗೇಣಿನ ಎತ್ತರಕ್ಕೂ ಎದೆಯ ಎತ್ತರಕ್ಕೂ ಹೇಳಿಕೊಳ್ಳುವಂಥ ಭೇದ ಕಾಣಲಿಲ್ಲ. ಗಾಳಿ ಸಣ್ಣಗೆ ಬೀಸುತ್ತಿತ್ತು, ಸುತ್ತ ಎತ್ತರದ ಕಟ್ಟಡಗಳು. “ಇದು ಪುರಾವೆ ಅಲ್ಲಜ್ಜಾ. ಕೆಳಗ ಮನೀ ಬಿಸಿ ಅದ, ಹಗಲಿನ ಬಿಸಿಲಿನ ಬಿಸಿ ಅದ. ಇದರಿಂದ ಏನೂ ಸಿದ್ಧ ಆಗೂದಿಲ್ಲ” ಎಂದಳು. ಸತ್ಯವಂತ ಹುಡುಗಿ, ಅಜ್ಜನ ಸಮಾಧಾನಕ್ಕಾಗಿ ಕೂಡ ಅಂಕಿಯನ್ನು ಬಾಗಿಸಲಿಲ್ಲ. ನಮಗೆ ಸಂತೋಷವೇ ಆಯಿತು.

ನಾವು ಮೆಲ್ಲಗೆ ನೆಲದ ಮೇಲೆ ಕೂತೆವು. ಮೊಣಕಾಲು ತಕರಾರು ಮಾಡಿದವು. ಅವ್ವನ ವಯಸ್ಸನ್ನು ನಾವೀಗ ದಾಟಿದ್ದೇವೆ. ಅಂಗೈ ಕೆಳಗಿಟ್ಟೆವು. ಬೆಚ್ಚಗಿತ್ತು.

ಅಷ್ಟರಲ್ಲಿ ಮಗ ನಮ್ಮನ್ನು ಹುಡುಕಿಕೊಂಡು ಮೇಲೆ ಬಂದ. “ಇದೇನಪ್ಪಾ, ಈ ವಯಸ್ಸಿನಾಗ ಥಂಡಿ ನೆಲದ ಮ್ಯಾಲೆ ಕೂತೀರಲ್ಲಾ! ಕುರ್ಚಿ ತರತೀನಿ, ಏಳ್ರಿ” ಎಂದ. ಅಕ್ಕರೆಯ ಮಾತೇ. ೧೯೭೮ರ ನಮ್ಮ ದನಿಯೂ ಇದೇ ಆಗಿತ್ತೆಂದು ತೋರಿತು.

“ಕುರ್ಚಿ ಆಮ್ಯಾಲೆ ತಾರಪ್ಪಾ,” ಎಂದೆವು. “ಮೊದಲ ಇಲ್ಲಿ ಕೈ ಇಟ್ಟು ನೋಡು.”

ಅವನು ಒಂದು ಕ್ಷಣ ನಮ್ಮನ್ನೂ ಮಗಳನ್ನೂ ನೋಡಿದ. ಆಮೇಲೆ ಬಗ್ಗಿ ನಮ್ಮ ಪಕ್ಕದಲ್ಲಿ ಅಂಗೈ ಇಟ್ಟ.